ಒಲೆಗೆ ರಜೆ, ಒರಳಿಗಲ್ಲ

ಏಪ್ರಿಲ್ ಬಂದರೆ ಕುಮಟಾದಲ್ಲಿ ಒಲೆ ಮುಂದೆ ನಿಲ್ಲುವ ಮನಸ್ಸು ಯಾರಿಗೂ ಇರುವುದಿಲ್ಲ. ಮೊಬೈಲಿನಲ್ಲಿ 34 ಡಿಗ್ರಿ ಅಂತ ಇರುತ್ತದೆ, ಬಯಲುಸೀಮೆಯ ನೆಂಟರು ಇದೂ ಒಂದು ಸೆಕೆಯಾ ಅಂತ ನಗುತ್ತಾರೆ. ನಗಲಿ. ಇಲ್ಲಿ ಗಾಳಿಯಲ್ಲೇ ನೀರು ತುಂಬಿರುವುದರಿಂದ ಮೈಮೇಲಿನ ಬೆವರು ಆರುವುದಿಲ್ಲ, ಸ್ನಾನ ಮಾಡಿ ಟವೆಲ್ ಒಣಹಾಕುವಷ್ಟರಲ್ಲಿ ಮತ್ತೆ ಒದ್ದೆ. ಹೊಟ್ಟೆ ಹಸಿದಿರುತ್ತದೆ, ಬಾಯಿಗೆ ಮಾತ್ರ ಏನೂ ಬೇಡ. ಊಟಕ್ಕೆ ಮೊದಲು ಹುಳಿಯೋ ಖಾರವೋ ಏನಾದರೂ ನಾಲಿಗೆಗೆ ಬೀಳಬೇಕು. ಆಗ ನಮ್ಮವರು ಹೇಳುವುದು ಒಂದೇ: "ಒಲೆ ಹಚ್ಚಬೇಡ ಮಾರಾಯ್ತಿ, ಸುಮ್ನೆ ಏನಾದರೂ ಸುಲಭದ್ದು ಮಾಡು."

ಒಲೆ ಹಚ್ಚದ್ದೆಲ್ಲ ಸುಲಭ ಅನ್ನುವವರು ಕಾಯಿ ತುರಿಯುವವರಲ್ಲ ಅನ್ನುವುದೇ ನನ್ನ ತಕರಾರು.

ನಿಜಕ್ಕೂ ಸುಲಭದ್ದೂ ಇವೆ, ಇಲ್ಲ ಅನ್ನುವುದಿಲ್ಲ. ಮಾವಿನಕಾಯಿ ಸೀಳಿ ಉಪ್ಪು-ಖಾರ ಹಚ್ಚಿದರೆ ಮುಗಿಯಿತು. ಉಪ್ಪು ಮಾತ್ರ ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಹರಳುಪ್ಪೇ ಆಗಬೇಕು, ಪ್ಯಾಕೆಟ್ ಉಪ್ಪಿಗೆ ಆ ಕಟುಕು ಇಲ್ಲ. ಗೇರುಹಣ್ಣನ್ನು ಬಿಲ್ಲೆ ಮಾಡಿ ಅದೇ ಉಪ್ಪು ಉದುರಿಸಿ ಸ್ವಲ್ಪ ಹೊತ್ತು ಬಿಟ್ಟರೆ ಗಂಟಲು ಹಿಡಿಯುವುದೂ ಕಡಿಮೆ. ಆಮೇಲೆ ನಮ್ಮೂರ ಸಿಹಿ ಈರುಳ್ಳಿ. ಅಳ್ವೆಕೋಡಿ, ಹಂದಿಗೋಣದ ಕಡೆ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ನೇತುಹಾಕಿರುತ್ತಾರಲ್ಲ, ಅದು. ಹಸಿಯಾಗಿ ಕಚ್ಚಿದರೂ ಕಣ್ಣಲ್ಲಿ ನೀರು ಬರುವುದಿಲ್ಲ. ಅದನ್ನು ಸಣ್ಣಗೆ ಹೆಚ್ಚಿ, ಹಸಿಮೆಣಸು, ಉಪ್ಪು, ಕಾಯಿತುರಿ ಸೇರಿಸಿ ಕೈಯಲ್ಲೇ ಚೆನ್ನಾಗಿ ಕಿವುಚಿ, ನೀರು ಬಿಟ್ಟ ಮೇಲೆ ತೆಳು ಅವಲಕ್ಕಿ ಹಾಕಿ, ಒಂದು ಚಮಚ ತೆಂಗಿನೆಣ್ಣೆ, ಅರ್ಧ ಲಿಂಬೆಹಣ್ಣು. ಕಲಸಿದ ಕೂಡಲೇ ತಿನ್ನಬೇಕು, ತಡ ಮಾಡಿದರೆ ಮುದ್ದೆ.

ಇದಕ್ಕೆ ಒಗ್ಗರಣೆ ಹಾಕಿದರೆ ಇನ್ನೂ ರುಚಿ ಅಂತ ಅತ್ತೆ. ಒಗ್ಗರಣೆ ಅಡುಗೆಯ ಲೆಕ್ಕಕ್ಕೆ ಬರುವುದಿಲ್ಲವಂತೆ, ಎರಡೇ ನಿಮಿಷದ್ದಂತೆ. ಆ ಎರಡು ನಿಮಿಷದ ಸಾಸಿವೆ ಸಿಡಿತ, ಮೆಣಸಿನ ಘಾಟು, ಅದಾದ ಮೇಲೆ ಮಧ್ಯಾಹ್ನವಿಡೀ ಅಡುಗೆಮನೆಯಲ್ಲಿ ಉಳಿಯುವ ಬಿಸಿ, ಇದನ್ನೆಲ್ಲ ಯಾವ ಲೆಕ್ಕಕ್ಕೆ ಬರೆಯೋಣ? ನಾನಂತೂ ಹಾಕುವುದಿಲ್ಲ.

ಘಟ್ಟ ಹತ್ತಿ ಶಿರಸಿಯ ನನ್ನ ತವರಿಗೆ ಹೋದರೆ ಈ ವಿಷಯದಲ್ಲಿ ಇನ್ನೂ ಶಿಸ್ತು. ಒಂದೆಲಗ ಕಿತ್ತು ತಂದು ತೊಳೆದು, ಕಾಯಿ ಜೊತೆ ಹಸಿಯಾಗಿಯೇ ರುಬ್ಬಿ ಮಜ್ಜಿಗೆ ಸೇರಿಸಿದರೆ ತಂಬುಳಿ. ಸೊಪ್ಪು ಸಿಗದ ದಿನ ಭರಣಿಯ ಉಪ್ಪುನೀರಿನಲ್ಲಿ ಮುಳುಗಿರುವ ಅಪ್ಪೆಮಿಡಿ ಎರಡು ತೆಗೆದು ಅದನ್ನೇ ರುಬ್ಬುವುದು. ಆ ಪರಿಮಳಕ್ಕೆ ಪಕ್ಕದ ಮನೆಯವರೂ ಲೋಟ ಹಿಡಿದು ಬರುತ್ತಾರೆ. ನನಗೆ ಎಲ್ಲಕ್ಕಿಂತ ಇಷ್ಟ ಮಾವಿನಹಣ್ಣಿನ ಸಾಸಿವೆ. ಕಾಯಿ, ಹಸಿ ಸಾಸಿವೆ ಕಾಳು, ಮೆಣಸು, ಬೆಲ್ಲ ರುಬ್ಬಿ, ಹಿಂಡಿದ ಹಣ್ಣಿಗೆ ಮೊಸರಿನ ಜೊತೆ ಕಲಸುವುದು. ಸಾಸಿವೆಯನ್ನು ಎಣ್ಣೆಯಲ್ಲಿ ಸಿಡಿಸಿದರೆ ಅದರ ಖಾರವೇ ಸತ್ತುಹೋಗುತ್ತದೆ, ಹಸಿಯಾಗಿ ನೀರು ಸೇರಿಸಿ ಅರೆದಾಗಲೇ ಮೂಗಿಗೆ ಹತ್ತುವ ಆ ಝುಮ್ಮು ಹುಟ್ಟುವುದು. ಅಂದರೆ ಇಲ್ಲಿ ಬೆಂಕಿ ಬೇಡ ಅನ್ನುವುದು ಸೋಮಾರಿತನವಲ್ಲ, ರುಚಿಯ ಮಾತು. ಅಂಕೋಲಾದ ಕರಿ ಇಷಾಡ ಹಣ್ಣನ್ನು ದಯವಿಟ್ಟು ಇದಕ್ಕೆ ಹಾಕಬೇಡಿ. 2023ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಹಣ್ಣು ಅದು, ಹಾಗೇ ತಿನ್ನಿ. ಸಾಸಿವೆಗೆ ನಾರಿರುವ, ಹುಳಿಸಿಹಿಯ ಕಾಡುಮಾವೇ ಸರಿ.

ಕಾರವಾರದ ಕಡೆ ಮೀನೂಟದ ಜೊತೆ ಸೋಲ್ ಕಡಿ ಕೊಡುತ್ತಾರೆ. ಮುರುಗಲು (ಕೋಕಂ) ಸಿಪ್ಪೆ ನೆನೆಸಿದ ನೀರಿಗೆ ತೆಂಗಿನಹಾಲು, ಹಸಿಮೆಣಸು, ಬೆಳ್ಳುಳ್ಳಿ, ಉಪ್ಪು. ಬಣ್ಣ ನೋಡಿಯೇ ಅರ್ಧ ಸೆಕೆ ಇಳಿಯುತ್ತದೆ. ಮೀನು ತಿನ್ನದ ನಾನೂ ಮನೆಯಲ್ಲಿ ಬೆಳ್ಳುಳ್ಳಿ ಬಿಟ್ಟು ಮಾಡುತ್ತೇನೆ, ಊಟಕ್ಕೆ ಮೊದಲು ಒಂದೊಂದು ಲೋಟ. ಇದನ್ನೂ ಕುದಿಸುವ ಹಾಗಿಲ್ಲ, ಕುದಿಸಿದರೆ ಹಾಲು ಒಡೆಯುತ್ತದೆ. ಆದರೆ ಆ ತೆಂಗಿನಹಾಲು ತಾನಾಗಿ ಬರುತ್ತದಾ? ಕಾಯಿ ಒಡೆ, ತುರಿ, ರುಬ್ಬು, ಬಟ್ಟೆಯಲ್ಲಿ ಹಿಂಡು, ಮತ್ತೆ ನೀರು ಹಾಕಿ ರುಬ್ಬು, ಮತ್ತೆ ಹಿಂಡು. ಅಷ್ಟು ಹೊತ್ತಿಗೆ ಒಂದು ಸಾರು ಕುದಿದು ಇಳಿಯುತ್ತಿತ್ತು.

ಸಾಲದ್ದಕ್ಕೆ ಹಸಿಕಾಯಿ ರುಬ್ಬಿದ್ದು ಈ ಸೆಕೆಯಲ್ಲಿ ಸಂಜೆಯವರೆಗೆ ನಿಲ್ಲುವುದಿಲ್ಲ, ಹಳಸುತ್ತದೆ. ಆದ್ದರಿಂದ ದಿನಾ ಹೊಸದಾಗಿಯೇ ಆಗಬೇಕು. ಫ್ರಿಜ್ಜಿನಲ್ಲಿ ಇಟ್ಟರಾಯ್ತಲ್ಲ ಅಂತ ನಮ್ಮವರು. ಆಯ್ತು, ಕರೆಂಟ್ ಇದ್ದರೆ. ಮೇ ತಿಂಗಳಲ್ಲಿ ಒಂದು ಗುಡುಗು ಕೇಳಿದರೆ ಸಾಕು, ಕರೆಂಟೂ ಹೋಯ್ತು, ಮಿಕ್ಸರೂ ಹೋಯ್ತು. ಹಿತ್ತಲಿನ ಒರಳುಕಲ್ಲು ಮಾತ್ರ ಅಲ್ಲೇ ಇರುತ್ತದೆ. ಈ ಸಲ ಸುಲಭದ್ದು ಬೇಕು ಅಂದವರನ್ನೇ ಅದರ ಮುಂದೆ ಕೂರಿಸಿದ್ದೇನೆ. ಕಾಯಿ ಇನ್ನೂ ನುಣ್ಣಗಾಗಿಲ್ಲ.