ಬಿಸಿಲಿಗಿಂತ ಮಳೆಯ ಎಚ್ಚರ ಮುಖ್ಯ

ವಸಂತದಲ್ಲಿ ಲಾಸ್ ವೇಗಸ್‌ಗೆ ಹೋಗುವ ಶಿಲಾರೋಹಿಗಳಿಗೆ ರೆಡ್ ರಾಕ್ ಕ್ಯಾನ್ಯನ್ ಅನ್ನು ಸೂಚಿಸಿರುವ ಈ ಲೇಖನ ಉಪಯುಕ್ತವಾಗಿದೆ. ಆದರೆ ಅಲ್ಲಿ ಬಿಸಿಲೊಂದೇ ತೊಡಕು ಎಂಬಂತೆ ಬರೆದಿರುವುದನ್ನು ಒಪ್ಪಲಾರೆ. ಮಾರ್ಚ್, ಏಪ್ರಿಲ್‌ನಲ್ಲಿ ನಿಜವಾದ ಎಚ್ಚರ ಬೇಕಿರುವುದು ಮಳೆಯ ಬಗ್ಗೆ. ಅಲ್ಲಿನ ಆಜ್‌ಟೆಕ್ ಮರಳುಗಲ್ಲು ನೀರು ಹೀರಿದಾಗ ಕಣಗಳ ಬಿಗಿ ಸಡಿಲಗೊಳ್ಳುತ್ತದೆ, ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದಿರುತ್ತದೆ. ಬಂಡೆಯ ಬುಡದ ಮಣ್ಣನ್ನು ಬೆರಳಿನಿಂದ ಕೆದಕಿ ನೋಡಿ, ಅಡಿಯಲ್ಲಿ ಹಸಿಯಿದ್ದರೆ ಆ ದಿನ ಹತ್ತದಿರುವುದೇ ಸರಿ. ಮಳೆ ನಿಂತ ಮೇಲೆ 24ರಿಂದ 72 ಗಂಟೆ ಕಾಯುವುದು ವಾಡಿಕೆ. ಬಿರುಕಿನಲ್ಲಿ ನಾವೇ ಕ್ಯಾಮ್, ನಟ್ ಎಂಬ ಲೋಹದ ರಕ್ಷಣಾ ಸಾಧನಗಳನ್ನು ಕೂರಿಸಿ, ಹಿಂದೆ ಬರುವವರು ಅವನ್ನು ಬಿಡಿಸಿಕೊಂಡು ಬರುವ ಟ್ರ್ಯಾಡ್ ಪದ್ಧತಿಯಲ್ಲಿ, ಬಿದ್ದಾಗ ಭಾರ ಹೊರುವುದು ಆ ಬಿರುಕಿನ ಅಂಚುಗಳೇ ಅಲ್ಲವೇ?

ತಂಪು ದಿನಕ್ಕೆ ದಕ್ಷಿಣಕ್ಕೆ ಮುಖಮಾಡಿದ, ಅಮೆರಿಕದ ಶಿಲಾರೋಹಣ ಕಷ್ಟದ ಅಳತೆಯಲ್ಲಿ 5.6 ದರ್ಜೆಯ ಸೋಲಾರ್ ಸ್ಲ್ಯಾಬ್ ಮಾರ್ಗ ಹಿತವಾದರೆ, ಸೆಖೆಯ ದಿನಕ್ಕೆ ಬ್ಲ್ಯಾಕ್ ವೆಲ್ವೆಟ್ ಕ್ಯಾನ್ಯನ್‌ನ ನೆರಳೇ ಲೇಸು. ಅಲ್ಲಿನ 5.9 ದರ್ಜೆಯ ಎಪಿನೆಫ್ರಿನ್ ಮಾರ್ಗದ ಚಿಮಣಿಗಳಲ್ಲಿ, ಅಂದರೆ ಮೈ ತೂರುವಷ್ಟು ಅಗಲದ ಬಿರುಕುಗಳಲ್ಲಿ, ಬೆನ್ನು ಒಂದು ಗೋಡೆಗೆ, ಪಾದ ಇನ್ನೊಂದಕ್ಕೆ ಒತ್ತಿ ಏರಬೇಕಾದ್ದರಿಂದ ಬೆನ್ನಚೀಲವನ್ನು ಸೊಂಟದ ಪಟ್ಟಿಯಿಂದ ಕೆಳಗೆ ಇಳಿಬಿಟ್ಟುಕೊಳ್ಳುವುದು ಅನಿವಾರ್ಯ (ದರ್ಜೆಯ ಅಂಕಿಯನ್ನು ನಂಬಿ ಹಗುರವಾಗಿ ಎಣಿಸಬೇಡಿ). ಅಕ್ಟೋಬರ್‌ನಿಂದ ಮೇ ಕೊನೆಯವರೆಗೆ ರೆಡ್ ರಾಕ್ ಒಳಗಿನ ಸುತ್ತುರಸ್ತೆಗೆ ಹಗಲಿನಲ್ಲಿ ಮುಂಗಡ ಕಾಯ್ದಿರಿಸುವಿಕೆ ಬೇಕೆಂಬುದನ್ನೂ ಲೇಖನ ಹೇಳಬೇಕಿತ್ತು. ಬ್ಲ್ಯಾಕ್ ವೆಲ್ವೆಟ್ ಆ ರಸ್ತೆಯ ಹೊರಗಿದೆ.