ಕೇಳದೆ ಬಂದ ಹಿಟ್ಟು

ಅಮೆರಿಕದ ಓಹಾಯೋಗೆ ಬಂದ ಮೊದಲ ಚಳಿಗಾಲದಲ್ಲಿ ಪಕ್ಕದ ಮನೆಯ ಅಜ್ಜಿ ಒಂದು ಪ್ಲಾಸ್ಟಿಕ್ ಚೀಲ ತಂದು ಕೈಗಿತ್ತರು. ಒಳಗೆ ಗುಳ್ಳೆಯೇಳುತ್ತಿದ್ದ ಬಿಳಿ ಹಿಟ್ಟು, ಜೊತೆಗೊಂದು ಹಾಳೆ. ಹೆಸರು ಆಮಿಶ್ ಫ್ರೆಂಡ್‌ಶಿಪ್ ಬ್ರೆಡ್. ಆಮಿಶರೆಂದರೆ ಹಳೆಯ ಕಾಲದ ಬದುಕನ್ನೇ ಹಿಡಿದಿರುವ ಒಂದು ಕ್ರೈಸ್ತ ಪಂಗಡ. ಹಿಟ್ಟನ್ನು ಮೊದಲ ದಿನ ಮುಟ್ಟುವಂತಿಲ್ಲ. ಐದನೆಯ ದಿನದವರೆಗೆ ಚೀಲವನ್ನು ಹಿಸುಕಬೇಕು, ತುಂಬಿಕೊಂಡ ಗಾಳಿಯನ್ನು ಬಿಡಬೇಕು. ಆರನೆಯ ದಿನ ಮೈದಾ, ಸಕ್ಕರೆ, ಹಾಲು ಒಂದೊಂದು ಕಪ್. ಹತ್ತನೆಯ ದಿನ ಇನ್ನೊಮ್ಮೆ ಅಷ್ಟೇ. ಆಮೇಲೆ ನಾಲ್ಕು ಕಪ್ ತೆಗೆದು ಒಂದನ್ನು ಇಟ್ಟುಕೊಂಡು, ಮೂರನ್ನು ಮೂವರಿಗೆ ಹಂಚಬೇಕು. ಮಿಕ್ಕಿದ್ದರಲ್ಲಿ ಬ್ರೆಡ್.

ಬ್ರೆಡ್ಡೇನೋ ಸೊಗಸಾಗಿಯೇ ಬಂತು. ಟಿನ್ನಿಗೆ ಬೆಣ್ಣೆ ಸವರಿ ಸಕ್ಕರೆ, ಚಕ್ಕೆಪುಡಿ ಉದುರಿಸಿದ್ದರಿಂದ ಅಂಚೆಲ್ಲ ಗರಿಗರಿ. ಒಳಗೆ ಕೇಕಿನ ಮೆದು, ಅದರ ಹಿಂದೆ ಎಲ್ಲೋ ಒಂದಿಷ್ಟು ಹುಳಿ. ಉಬ್ಬಿಸುವ ಕೆಲಸವನ್ನು ಬಹುಪಾಲು ಬೇಕಿಂಗ್ ಪೌಡರ್, ಸೋಡಾಗಳೇ ಮಾಡುತ್ತವೆ; ಹತ್ತು ದಿನ ಸಾಕಿದ ಹಿಟ್ಟಿನದು ರುಚಿಯ ಕೆಲಸ. ಪಟ್ಟಿಯಲ್ಲಿ ಒಂದು ಡಬ್ಬಿ ವೆನಿಲ್ಲಾ ಪುಡ್ಡಿಂಗ್ ಪುಡಿಯೂ ಇತ್ತು. ಕಂಬದ ಕರೆಂಟನ್ನೇ ಮನೆಗೆ ಎಳೆಸಿಕೊಳ್ಳದ ಆಮಿಶರ ಅಜ್ಜಿಯರು ಆ ಡಬ್ಬಿಯನ್ನು ಯಾವ ಅಂಗಡಿಯಿಂದ ತರುತ್ತಿದ್ದರೋ!

ನನ್ನ ತಕರಾರು ಹಂಚುವ ಲೆಕ್ಕದ ಮೇಲೆ. ಒಂದು ಚೀಲ ಹತ್ತು ದಿನಕ್ಕೆ ನಾಲ್ಕಾಗುತ್ತದೆ, ಇಪ್ಪತ್ತು ದಿನಕ್ಕೆ ಹದಿನಾರು. ಯಾರೂ ಕೈಬಿಡದಿದ್ದರೆ ನೂರನೆಯ ದಿನಕ್ಕೆ 10,48,576! ಎರಡನೆಯ ಸುತ್ತಿಗೇ ನನ್ನ ಪರಿಚಯದವರು ಮುಗಿದುಹೋದರು. ಮೂರನೆಯ ಸುತ್ತಿನಲ್ಲಿ ಕನ್ನಡ ಕೂಟದ ಗೆಳತಿಯೊಬ್ಬರು ನನ್ನ ಕೈಯಲ್ಲಿ ಚೀಲ ಕಂಡು ಕಾರಿನ ಗಾಜು ಏರಿಸಿದರು. ಹಿಂದೆ ತಿರುಪತಿ ತಿಮ್ಮಪ್ಪನ ಹೆಸರಿನಲ್ಲಿ ಪೋಸ್ಟ್‌ಕಾರ್ಡ್ ಬರುತ್ತಿದ್ದುದು ನೆನಪಿದೆಯಲ್ಲ, ಇಷ್ಟು ಜನರಿಗೆ ಬರೆದು ಕಳಿಸಿ, ಇಲ್ಲವಾದರೆ ಕೇಡು ಎಂದು? ಈ ಹಾಳೆ ಶಾಪ ಹಾಕುವುದಿಲ್ಲ. ಆದರೆ ಜೀವವಿರುವ ಹಿಟ್ಟನ್ನು ಸಿಂಕಿಗೆ ಸುರಿಯುವಾಗ ಕೈ ನಡುಗುತ್ತದೆ, ಪರಿಣಾಮ ಒಂದೇ.

ನಮ್ಮ ಮನೆಯಲ್ಲೂ ಹೆಪ್ಪು ಕೊಟ್ಟು ತರುವುದಿತ್ತು. ಆದರೆ ಮೊಸರು ಕೆಟ್ಟ ದಿನ ನಾವೇ ಬಟ್ಟಲು ಹಿಡಿದು ಹೋಗುತ್ತಿದ್ದೆವು. ಹೆಪ್ಪಿಗೆಂದು ಕೇಳಿದರೆ ಒಂದು ಚಮಚ ಸಿಗುತ್ತಿತ್ತು; ಯಾರೂ ಬಾಗಿಲು ತಟ್ಟಿ "ನಾಳೆಯಿಂದ ಇದನ್ನು ಸಾಕಿ" ಎನ್ನುತ್ತಿರಲಿಲ್ಲ. ಅಮೆರಿಕದಲ್ಲೂ ಇಂಥ ದಾರಿ ಇಲ್ಲದಿಲ್ಲ. ಕಾರ್ಲ್ ಗ್ರಿಫಿತ್ ಎಂಬುವರು, 1847ರಲ್ಲಿ ಒರೆಗಾನ್ ಹಾದಿಯಲ್ಲಿ, ಅಂದರೆ ವಲಸಿಗರು ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೋಗುತ್ತಿದ್ದ ದಾರಿಯಲ್ಲಿ, ತಮ್ಮ ಹಿರಿಯರು ತಂದದ್ದೆನ್ನುವ ಹುಳಿಹಿಟ್ಟನ್ನು ಒಣಗಿಸಿ, ಕೇಳಿದವರಿಗೆಲ್ಲ ಬಿಟ್ಟಿಯಾಗಿ ಕೊಡುತ್ತಿದ್ದರು. 2000ದಲ್ಲಿ ಅವರು ತೀರಿಕೊಂಡ ಮೇಲೆ ಸ್ನೇಹಿತರು ಅದನ್ನು ಮುಂದುವರಿಸಿದರು. ಬೇಕಾದವರು ತಮ್ಮದೇ ವಿಳಾಸ ಬರೆದು, ಅಂಚೆಚೀಟಿ ಹಚ್ಚಿದ ಲಕೋಟೆ ಕಳಿಸಿದರೆ ಸಾಕು. ಆ ಲಕೋಟೆಯೇ ನಮ್ಮ ಬಟ್ಟಲು.

ಅಜ್ಜಿಯ ಮನಸ್ಸು ನೋಯಿಸಲಾರದೆ ನಾನು ಈಗ ಚೀಲದ ಬದಲು ಬೇಯಿಸಿದ ಬ್ರೆಡ್ಡನ್ನೇ ಹೋಳು ಮಾಡಿ ಹಂಚುತ್ತೇನೆ; ಅದನ್ನು ಕಂಡು ಯಾರೂ ಗಾಜು ಏರಿಸಿಲ್ಲ. ಉಳಿದ ಎರಡು ಚೀಲ ಫ್ರೀಜರಿನಲ್ಲಿ ಮಲಗಿವೆ. ಬೇಕಿದ್ದವರು ಬಟ್ಟಲು ತನ್ನಿ, ದೀಪ ಹಚ್ಚುವುದಕ್ಕೆ ಮುಂಚೆ. ಆಮೇಲೆ ಹೆಪ್ಪು ಕೊಡಬಾರದೆಂದು ಅಮ್ಮನ ಕಟ್ಟಪ್ಪಣೆ.