ಹಳೇ ಯಜಮಾನರು ಫೋನ್ ಮಾಡಿದ್ದರು

"ನಮ್ಮ ಹೆಸರು ನಿಮ್ಮ ಹತ್ರ ಇದೆಯಂತೆ, ಅಲ್ವಾ?" ಎಂದರು ಆ ಕಡೆಯವರು.

ಭಾನುವಾರ ಮಧ್ಯಾಹ್ನ ಎರಡೂವರೆ. ಸಾರನ್ನ ಮಜ್ಜಿಗೆ ಮುಗಿಸಿ ಫ್ಯಾನಿನ ಕೆಳಗೆ ಚಾಪೆ ಹಾಸಿದ್ದೆ. ಯಾರ ಹೆಸರು ಯಾರ ಹತ್ತಿರ ಇದೆ ಅಂತ ಯೋಚಿಸುವ ಹೊತ್ತು ಅದಲ್ಲ.

"ಯಾರ ಹೆಸರು?" ಎಂದೆ.

"ನಮ್ಮದೇ ಸ್ವಾಮಿ. ಡಾಟ್ ಕಾಮ್. ಹದಿಮೂರು ವರ್ಷ ನಮ್ಮ ಹತ್ರ ಇತ್ತು."

ಆಗ ನೆನಪಾಯಿತು. ಆ ಹೆಸರನ್ನು ಇಲ್ಲಿ ಹೇಳುವುದಿಲ್ಲ, ಹೇಳಿದರೆ ಮೂರನೆಯವರು ಯಾರೋ ಫೋನ್ ಮಾಡುತ್ತಾರೆ. ಅಡುಗೆಮನೆಯ ಒಂದು ಸಾಮಾನು ಅಂತ ತಿಳಿದುಕೊಳ್ಳಿ. 2022ರ ಜನವರಿಯಲ್ಲಿ ಅದು ಖಾಲಿ ಇರುವುದು ಕಂಡಿತು. ಇಷ್ಟು ಒಳ್ಳೆಯ ಹೆಸರು ಖಾಲಿ ಇದೆಯೆಂದರೆ ಏನೋ ದೋಷವಿರಬೇಕು ಅಂತ ಅನುಮಾನವೇನೋ ಬಂದಿತ್ತು. ಆದರೂ ಒಂಬೈನೂರು ಚಿಲ್ಲರೆ ಕೊಟ್ಟು ಹಿಡಿದೆ. ಅಮ್ಮನ ತಂಬುಳಿ, ಅಪ್ಪೆಹುಳಿ, ಗೊಜ್ಜು ಎಲ್ಲ ಬರೆದಿಡಬೇಕು ಎಂಬ ಘನ ಉದ್ದೇಶ. ಇವತ್ತಿಗೂ ಆ ವಿಳಾಸಕ್ಕೆ ಹೋದರೆ ಬಿಳಿ ಪುಟದ ಮೇಲೆ "ಶೀಘ್ರದಲ್ಲೇ ಬರಲಿದೆ" ಅಂತ ಒಂದೇ ಸಾಲು ಇದೆ. ಕೆಳಗೆ ಜಂಬಕ್ಕೆ ನನ್ನ ಫೋನ್ ನಂಬರು. ಅಮ್ಮ ಒಮ್ಮೆ ನೋಡಿ, "ಏನು ಬರ್ತದೆ?" ಎಂದು ಕೇಳಿದ್ದಳು. ಕೊನೆಗೆ ಬಂದಿದ್ದು ಈ ಫೋನು.

ಅವರದ್ದು ಸಿರ್ಸಿ ಕಡೆ. ಉಪ್ಪಿನಕಾಯಿ ವ್ಯಾಪಾರ. ಅಪ್ಪೆಮಿಡಿ ಜಾಸ್ತಿ, ಜೊತೆಗೆ ನಿಂಬೆ, ಅಮಟೆ. ಹೆಸರು ಕೈಬಿಟ್ಟ ಕಥೆಯನ್ನು ಅವರು ಅರ್ಧ ಗಂಟೆ ಹೇಳಿದರು. ನಾನು ಎರಡು ಸಾಲಿನಲ್ಲಿ ಹೇಳುತ್ತೇನೆ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಎಲ್ಲವನ್ನೂ ತನ್ನ ಇಮೇಲಿನಲ್ಲೇ ಇಟ್ಟುಕೊಂಡಿದ್ದ. ಆಮೇಲೆ ಕೆನಡಾಕ್ಕೆ ಹೋದ. ನೆನಪೋಲೆಗಳೆಲ್ಲ ಅವನಿಗೆ ಹೋಗುತ್ತಿದ್ದವು, ದುಡ್ಡು ಮಾತ್ರ ಇವರ ಕಾರ್ಡಿನಿಂದ ತಾನಾಗಿಯೇ ಕಡಿತವಾಗುತ್ತಿತ್ತು. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂತು ನೋಡಿ, ಕಾರ್ಡಿನಿಂದ ಹಾಗೆ ಪದೇ ಪದೇ ದುಡ್ಡು ಹೋಗಬೇಕಾದರೆ ಗ್ರಾಹಕರು ಬೇರೆಯಾಗಿ ಒಪ್ಪಿಗೆ ಕೊಟ್ಟಿರಬೇಕು ಅಂತ. ಆ ತಿಂಗಳು ನಮ್ಮ ಮನೆಯಲ್ಲಿ ಟೀವಿಯ ಸಿನಿಮಾ ನಿಂತಿತು. ಅವರ ಮನೆಯಲ್ಲಿ ಹೆಸರೇ ಹೋಯಿತು.

"ಬಿಟ್ಟಿದ್ದಲ್ಲ ಸ್ವಾಮಿ, ಮರೆತಿದ್ದು" ಎಂದರು.

ಪಾಪ ಅನಿಸಬೇಕಿತ್ತು. ಅನಿಸಲಿಲ್ಲ, ನಿದ್ದೆ ಹಾಳಾಗಿತ್ತು. ಮರೆತದ್ದು ಅಂದರೇನು? ಅವಧಿ ಮುಗಿದ ದಿನವೇ ಯಾರೂ ಕುತ್ತಿಗೆ ಹಿಡಿದು ಆಚೆ ಹಾಕುವುದಿಲ್ಲ. ಡಾಟ್ ಕಾಮ್ ಆದರೆ ಮಾರಿದ ಕಂಪನಿ 45 ದಿನದವರೆಗೂ ಸುಮ್ಮನಿರಬಹುದು. ಆಮೇಲೆ ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನ. ಕೊನೆಗೆ 5 ದಿನ ಸೂತಕ, ಯಾರೂ ಮುಟ್ಟುವ ಹಾಗಿಲ್ಲ. ಒಟ್ಟು 80 ದಿನ. ಅಷ್ಟರಲ್ಲಿ ಮಿಡಿ ಉಪ್ಪಿನಲ್ಲಿ ಚಿರುಟಿ, ಖಾರ ಕಲಸಿ, ಭರಣಿ ಸೇರಿ, ಅರ್ಧ ಖಾಲಿಯೂ ಆಗುತ್ತದೆ. 80 ದಿನ ತನ್ನ ಅಂಗಡಿಯ ಬೋರ್ಡ್ ಇದೆಯೋ ಇಲ್ಲವೋ ನೋಡದವರು ಮೂರು ವರ್ಷದ ಮೇಲೆ, ಅದೂ ಭಾನುವಾರ ನೋಡಿದ್ದಾರೆ.

ಇದನ್ನೆಲ್ಲ ನಾನು ಬಾಯಲ್ಲಿ ಹೇಳಲಿಲ್ಲ. ಹೇಳಿದ್ದು ಒಂದೇ ಮಾತು. "ನೋಡಿ, ಈ ವಿಷಯದಲ್ಲಿ ಉಳುವವನೇ ಹೊಲದೊಡೆಯ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ನಮ್ಮ ಮನೆಯಲ್ಲಿ ಈ ಮಾತನ್ನು ಯಾರೂ ಆಡುತ್ತಿರಲಿಲ್ಲ. ಅಜ್ಜನ ಎದುರಿಗಂತೂ ಇಲ್ಲವೇ ಇಲ್ಲ.

ಅಜ್ಜನಿಗೆ ಸಾಗರದ ಹತ್ತಿರ ಎರಡು ಎಕರೆ ಗದ್ದೆ ಇತ್ತು. ಗೇಣಿಗೆ ಕೊಟ್ಟಿದ್ದ. ಅಜ್ಜ ಗದ್ದೆಗೆ ಕಾಲಿಟ್ಟವನಲ್ಲ, ಕಾಲಿಟ್ಟರೆ ಕೆಸರು ಹತ್ತುತ್ತದೆ. ಸುಗ್ಗಿಗೆ ಭತ್ತದ ಚೀಲ ಜಗುಲಿಗೆ ಬಂದು ಬೀಳುತ್ತಿತ್ತು, ಅದೇ ಅವನ ಬೇಸಾಯ. ದೇವರಾಜ ಅರಸರ ಕಾಲದಲ್ಲಿ ಕಾನೂನು ಬದಲಾಯಿತು. 1974ರ ಮಾರ್ಚ್ 1ಕ್ಕೆ ಗೇಣಿ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವರು ಏಳನೇ ನಂಬರ್ ಫಾರ್ಮ್ ತುಂಬಿ ತಾಲ್ಲೂಕಿನ ಭೂನ್ಯಾಯ ಮಂಡಳಿಗೆ ಕೊಟ್ಟರೆ ಭೂಮಿ ಅವರದ್ದು. ನಮ್ಮ ಗೇಣಿಯವನೂ "ಡಿಕ್ಲರೇಶನ್" ಕೊಟ್ಟ. ಗದ್ದೆ ಅವನಿಗಾಯಿತು. ಆಗಬೇಕಾದ್ದೇ. ಅಜ್ಜ ಒಂದು ದಿನ ಊಟ ಬಿಟ್ಟ, ಎರಡನೇ ದಿನ ಮಾಡಿದ.

ಆದರೆ ಗದ್ದೆಯ ಅಂಚಿನಲ್ಲಿ ಒಂದು ಹಲಸಿನ ಮರವಿತ್ತು. ಬಕ್ಕೆ ಹಲಸು. ಗದ್ದೆ ಹೋದದ್ದನ್ನು ಅಜ್ಜ ಒಪ್ಪಿಕೊಂಡ, ಮರ ಹೋದದ್ದನ್ನು ಒಪ್ಪಲಿಲ್ಲ. ಗದ್ದೆ ಇದ್ದಾಗ ಆ ಕಡೆ ತಲೆ ಹಾಕದವನು, ಹೋದ ಮೇಲೆ ದಿನಾ ಸಂಜೆ ಕೋಲು ಊರಿಕೊಂಡು ಹೊರಡುತ್ತಿದ್ದ. ಮರದ ಕೆಳಗೆ ನಿಂತು ಕಾಯಿ ಎಣಿಸುವುದು. ಮನೆಗೆ ಬಂದು ಲೆಕ್ಕ ಹೇಳುವುದು.

"ಮರ ನಾನು ನೆಟ್ಟಿದ್ದು" ಎನ್ನುತ್ತಿದ್ದ.

"ನೀವೆಲ್ಲಿ ನೆಟ್ರಿ? ಯಾರೋ ತಿಂದು ಎಸೆದ ಬೀಜ ಅದು" ಎನ್ನುತ್ತಿದ್ದಳು ಅಜ್ಜಿ.

ಗೇಣಿಯವನು ಒಳ್ಳೆಯವನು. ಗೇಣಿ ನಿಂತ ಮೇಲೂ ಪ್ರತಿ ವರ್ಷ ಎರಡು ಹಲಸಿನಹಣ್ಣು ತಲೆಯ ಮೇಲೆ ಹೊತ್ತು ತಂದು ಜಗುಲಿಯಲ್ಲಿ ಇಟ್ಟು ಹೋಗುತ್ತಿದ್ದ. ಅವನು ಬಂದಾಗ ಅಜ್ಜ ಪಂಚಾಂಗದಲ್ಲಿ ಮುಖ ಹುದುಗಿಸಿ, ನೋಡದವನ ಹಾಗೆ ಕೂರುತ್ತಿದ್ದ. ಅವನು ಬೇಲಿ ದಾಟಿದ ಮೇಲೆ, "ಎಣ್ಣೆ, ಕತ್ತಿ ತನ್ನಿ" ಎಂದು ಕೂಗುತ್ತಿದ್ದ. ತೊಳೆ ಬಿಡಿಸುವ ಮೊದಲೇ ಅರ್ಧ ಹಣ್ಣು ಅವನ ಹೊಟ್ಟೆಯಲ್ಲಿ.

ಒಂದು ವರ್ಷ ಒಂದೇ ಹಣ್ಣು ಬಂತು.

ಅವತ್ತು ಮನೆಯಲ್ಲಿ ನಡೆದ ಗಲಾಟೆ ಮಂಡಳಿಯ ತೀರ್ಪು ಬಂದ ದಿನವೂ ನಡೆದಿರಲಿಲ್ಲವಂತೆ. ಅಜ್ಜ ಹಣ್ಣು ಮುಟ್ಟಲಿಲ್ಲ. ತಹಶೀಲ್ದಾರರಿಗೆ ಅರ್ಜಿ ಬರೆದ. ಗದ್ದೆಯ ಬಗ್ಗೆ ಒಂದು ಅರ್ಜಿಯನ್ನೂ ಬರೆಯದವನು ಮರದ ಬಗ್ಗೆ ನಾಲ್ಕು ಪುಟ ಬರೆದ. ಅದರಲ್ಲಿ ತನ್ನ ತಂದೆ ಯಾವ ಮಳೆಗಾಲದಲ್ಲಿ ಆ ಗಿಡಕ್ಕೆ ಮುಳ್ಳಿನ ಬೇಲಿ ಕಟ್ಟಿದ್ದರು ಎಂಬ ವಿವರವೂ ಇತ್ತು. ಅಪ್ಪ ಅದನ್ನು ಕಾರ್ಬನ್ ಇಟ್ಟು ಪ್ರತಿ ಮಾಡಿಕೊಟ್ಟ, ಮನಸ್ಸಿಲ್ಲದ ಮನಸ್ಸಿನಿಂದ. ಹದಿನಾಲ್ಕು ತಿಂಗಳಾದ ಮೇಲೆ ಸರ್ವೆಯವರು ಬಂದರು. ಸರಪಳಿ ಎಳೆದರು. ಆ ಕಡೆಯಿಂದ ಎಳೆದರು, ಈ ಕಡೆಯಿಂದ ಎಳೆದರು. ನಡುವೆ ನಮ್ಮ ಮನೆಯಲ್ಲಿ ಊಟ, ಗೇಣಿಯವನ ಮನೆಯಲ್ಲಿ ಕಾಫಿ. ಸಂಜೆ ಹೊತ್ತಿಗೆ ತೀರ್ಮಾನವಾಯಿತು: ಮರದ ಬುಡ ಗದ್ದೆಯಲ್ಲೂ ಇಲ್ಲ, ನಮ್ಮ ಉಳಿದ ಜಾಗದಲ್ಲೂ ಇಲ್ಲ. ಅದು ಖರಾಬು, ಸರ್ಕಾರಿ ಜಾಗ.

ಹೋಗುವಾಗ ಸರ್ವೆಯವರು ಒಂದು ಹಣ್ಣು ತೆಗೆದುಕೊಂಡು ಹೋದರು. ಇಬ್ಬರೂ ಸೇರಿ ಜೀಪಿಗೆ ಹತ್ತಿಸಿಕೊಟ್ಟರಂತೆ, ಅಜ್ಜ ಮತ್ತು ಗೇಣಿಯವನು.

ಎಲ್ಲಿದ್ದೆ? ಹ್ಞಾಂ, ಫೋನು.

"ನೀವು ಉಳ್ತಾ ಇದ್ದೀರಾ?" ಎಂದು ಕೇಳಿದರು ಅವರು, ಬಹಳ ಮೆತ್ತಗೆ. "ನಾನು ನೋಡಿದೆ. ಶೀಘ್ರದಲ್ಲೇ ಬರಲಿದೆ ಅಂತ ಇದೆ."

ಇದಕ್ಕೆ ಏನು ಉತ್ತರ ಕೊಡುತ್ತೀರಿ? ನಾನು ಸಿಗ್ನಲ್ ಇಲ್ಲ ಎಂದೆ.

ಎರಡನೇ ಸಲ ಫೋನ್ ಮಾಡಿದ್ದು ಅವರ ಅಳಿಯ. ಲಾಯರಿಕೆ ಓದುತ್ತಿರುವ ಹುಡುಗ. ಮಾತಿಗೆ ಮುಂಚೆ "ಸತ್ಯಂ ಇನ್ಫೋವೇ" ಎಂದ. ನಾನು ರಾಂಗ್ ನಂಬರ್ ಅಂದುಕೊಂಡೆ. ಅದು ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲೇ ಶುರುವಾದ ಕೇಸಂತೆ. ಸಿಫಿ ಎಂಬ ಹೆಸರು ಸತ್ಯಂ ಇನ್ಫೋವೇದು, ಸಿಫಿನೆಟ್ ಎಂಬ ಹೆಸರು ಇನ್ನೊಬ್ಬರದ್ದು. ಸಿವಿಲ್ ಕೋರ್ಟು ತಡೆ ಕೊಟ್ಟಿತು, ನಮ್ಮ ಹೈಕೋರ್ಟು ಅದನ್ನು ತೆಗೆಯಿತು, 2004ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಹಾಕಿತು. ಇಂಟರ್ನೆಟ್ಟಿನ ಹೆಸರೂ ವ್ಯಾಪಾರದ ಹೆಸರಿನ ಹಾಗೇ ಎಂದಿತು. ಹುಡುಗ ಚೆನ್ನಾಗಿ ಓದಿದ್ದ. ನನ್ನ ಮೊಣಕಾಲು ಸ್ವಲ್ಪ ನಡುಗಿದ್ದು ನಿಜ. ಆದರೆ ನಾನೂ ರಾತ್ರಿ ಕೂತು ಓದಿಕೊಂಡಿದ್ದೆ. ಜಿನೀವಾದಲ್ಲಿ ಇಂಥ ಜಗಳಗಳಿಗೇ ಒಂದು ಪಂಚಾಯಿತಿ ಇದೆ. 1999ರಿಂದ ಇದೆ. ಅಲ್ಲಿ ದೂರು ಕೊಡಬೇಕಾದರೆ 1500 ಡಾಲರ್ ಶುಲ್ಕ. ಹೆಸರು ಕೊಂಡವನು ಕೆಟ್ಟ ಬುದ್ಧಿಯಿಂದ ಕೊಂಡ, ಕೆಟ್ಟ ಬುದ್ಧಿಯಿಂದಲೇ ಬಳಸಿದ ಅಂತಲೂ ತೋರಿಸಬೇಕು.

"ನನ್ನದು ಕೆಟ್ಟ ಬುದ್ಧಿ ಅಲ್ಲಪ್ಪಾ. ಸೋಮಾರಿ ಬುದ್ಧಿ" ಎಂದೆ. ಹುಡುಗ ನಗಲಿಲ್ಲ. ನಗದ ಲಾಯರುಗಳನ್ನು ಕಂಡರೆ ನನಗೆ ಆಗುವುದಿಲ್ಲ.

ಆಮೇಲೆ ಯಜಮಾನರು ದುಡ್ಡಿನ ಮಾತಿಗೆ ಬಂದರು. ನಾನು ಕಟ್ಟಿದ್ದಷ್ಟೂ ಕೊಡುತ್ತಾರಂತೆ, ಮೇಲೆ ಐನೂರು. ಇಲ್ಲಿ ನನ್ನ ಬಗ್ಗೆ ನಾನೇ ಒಂದು ಮಾತು ಹೇಳಿಕೊಳ್ಳಬೇಕು. ನನಗೆ ದುರಾಸೆ ಇಲ್ಲ ಅಂತ ಮನೆಯವರೆಲ್ಲ ಒಪ್ಪಿದ್ದಾರೆ. ಆದರೆ ಅವರು ಐನೂರು ಎಂದ ತಕ್ಷಣ ನನ್ನ ತಲೆಯಲ್ಲಿ ಸನ್ಮಯ್ ವೇದ್ ಬಂದು ಕೂತ. 2015ರ ಸೆಪ್ಟೆಂಬರಿನಲ್ಲಿ ಈ ಗುಜರಾತಿ ಹುಡುಗ ಅಮೆರಿಕದಲ್ಲಿ ಕೂತು 12 ಡಾಲರಿಗೆ ಗೂಗಲ್ ಡಾಟ್ ಕಾಮ್ ಹೆಸರನ್ನೇ ಕೊಂಡುಬಿಟ್ಟ. ಒಂದು ನಿಮಿಷದಷ್ಟು ಹೊತ್ತು ಅದು ಅವನದ್ದಾಗಿತ್ತು. ಗೂಗಲ್‌ನವರು ಕೊಂಡದ್ದನ್ನು ರದ್ದು ಮಾಡಿ, ಆಮೇಲೆ 6006.13 ಡಾಲರ್ ಕೊಟ್ಟರು. ಕಣ್ಣು ಸಣ್ಣ ಮಾಡಿ ನೋಡಿದರೆ ಆ ಅಂಕಿ ಇಂಗ್ಲಿಷಿನಲ್ಲಿ ಗೂಗಲ್ ಅಂತಲೇ ಕಾಣುತ್ತದೆ. ಅವನು ಅದನ್ನು ದಾನಕ್ಕೆ ಕೊಡಿ ಎಂದ, ಅವರು ಎರಡರಷ್ಟು ಮಾಡಿದರು. ಅದಕ್ಕೂ ಮುಂಚೆ, 1999ರ ಕ್ರಿಸ್‌ಮಸ್ ಹೊತ್ತಿಗೆ, ಮೈಕ್ರೋಸಾಫ್ಟ್‌ನವರು ಪಾಸ್‌ಪೋರ್ಟ್ ಡಾಟ್ ಕಾಮ್‌ಗೆ ದುಡ್ಡು ಕಟ್ಟುವುದನ್ನೇ ಮರೆತರು. ಹಾಟ್‌ಮೇಲ್ ತೆರೆಯಲಾಗದೆ ಜನ ಒದ್ದಾಡಿದರು. ಮೈಕೆಲ್ ಚೇನಿ ಎಂಬ ಪ್ರೋಗ್ರಾಮರ್ ತನ್ನ ಕಾರ್ಡಿನಿಂದ 35 ಡಾಲರ್ ಕಟ್ಟಿದ, ಎಲ್ಲ ಸರಿಹೋಯಿತು.

ಇಬ್ಬರೂ ಒಳ್ಳೆಯವರು, ಗಮನಿಸಿ. ನನಗೆ ಮಾತ್ರ ಇವರ ಒಳ್ಳೆಯತನ ನೆನಪಾಗಲಿಲ್ಲ, ಅಂಕಿ ನೆನಪಾಯಿತು. ಐನೂರು ಅವಮಾನ ಅನಿಸಿತು. ಐದು ಸಾವಿರ ಎಂದಿದ್ದರೆ ಸಂಕೋಚವಾಗುತ್ತಿತ್ತು. ಐವತ್ತು ಸಾವಿರ ಎಂದಿದ್ದರೆ ಏನಾಗುತ್ತಿತ್ತೋ, ಅದು ಇಲ್ಲಿ ಬೇಡ.

"ನಮಗೆ ಬರೋ ಆರ್ಡರೆಲ್ಲ ಆ ಇಮೇಲಿಗೇ ಸ್ವಾಮಿ. ಹಳೇ ಲೇಬಲ್ ನೋಡಿ ಬರೀತಾರೆ. ಈಗ ಅದೆಲ್ಲ ಎಲ್ಲಿ ಹೋಗ್ತದೋ" ಎಂದರು.

ಎಲ್ಲಿ ಹೋಗುತ್ತದೆ ಅಂತ ನನಗೆ ಗೊತ್ತಿತ್ತು. ನಾನು ಆ ಹೆಸರು ಕೊಂಡ ಹೊಸದರಲ್ಲಿ, ಆ ವಿಳಾಸಕ್ಕೆ ಯಾರು ಏನೇ ಕಳಿಸಿದರೂ ನನಗೇ ಬರುವ ಹಾಗೆ ಗುಂಡಿ ಒತ್ತಿದ್ದೆ. ಸುಮ್ನೆ, ಕುತೂಹಲಕ್ಕೆ. ಮೊದಲ ವಾರ ಹ್ಯೂಸ್ಟನ್‌ನಿಂದ ಯಾರೋ ಎರಡು ಕೆಜಿ ಮಿಡಿ ಕೇಳಿದರು. ಅಪ್ಪ ತೀರಿಕೊಂಡ ಮೇಲೆ ಈ ರುಚಿ ತಿಂದಿಲ್ಲ ಅಂತ ಬರೆದಿದ್ದರು. ಒಂದು ಮದುವೆ ಕಾಗದ ಬಂತು. ಒಂದು ಕಡೆಯಿಂದ ಪಾಸ್‌ವರ್ಡ್ ಬದಲಿಸುವ ಕೊಂಡಿ ಬಂತು, ಒತ್ತಿದ್ದರೆ ಅವರ ಯಾವುದೋ ಖಾತೆಯ ಒಳಗೇ ಹೋಗಿ ಕೂರಬಹುದಿತ್ತು. ಅದನ್ನು ನೋಡಿ ಹೆದರಿ ಗುಂಡಿ ಆರಿಸಿದೆ. ಕಾಗದಗಳನ್ನೆಲ್ಲ ಅಳಿಸಿದೆ. ಹ್ಯೂಸ್ಟನ್‌ನವರಿಗೆ ಒಂದು ಸಾಲು ಬರೆಯಬಹುದಿತ್ತು. ಬರೆಯಲಿಲ್ಲ. ಇದನ್ನು ಫೋನಿನಲ್ಲಿ ಹೇಳಲೂ ಇಲ್ಲ.

ಬದಲಿಗೆ ಉಪದೇಶ ಮಾಡಿದೆ. ಇಲ್ಲಿ ಯಾರೂ ಮಾಲೀಕರಲ್ಲ, ಎಲ್ಲರೂ ಗೇಣಿದಾರರೇ. ಡಾಟ್ ಕಾಮ್ ಎಂಬ ಇಡೀ ಬಯಲನ್ನು ನೋಡಿಕೊಳ್ಳುವುದು ವೆರಿಸೈನ್ ಎಂಬ ಅಮೆರಿಕದ ಕಂಪನಿ, ಒಂದೇ ಸಲಕ್ಕೆ ಹತ್ತು ವರ್ಷಕ್ಕಿಂತ ಹೆಚ್ಚು ಯಾರಿಗೂ ಕೊಡುವುದಿಲ್ಲ, ಇತ್ಯಾದಿ. ಅವರು "ಹೌದಾ, ಹೌದಾ" ಎನ್ನುತ್ತಾ ಕೇಳಿದರು. ಕೊನೆಗೆ, "ನಿಮ್ಮ ಮನೆ ವಿಳಾಸ ಕೊಡ್ತೀರಾ?" ಎಂದರು. ನೋಟಿಸ್ ಕಳಿಸುತ್ತಾರೆ ಅಂತ ಗೊತ್ತಿದ್ದೂ ಕೊಟ್ಟೆ. ನಾನು ಹೆದರುವವನಲ್ಲ ಅಂತ ತೋರಿಸಬೇಕಿತ್ತಲ್ಲ.

ಹತ್ತು ದಿನಕ್ಕೆ ಒಂದು ಡಬ್ಬ ಬಂತು. ಗೋಣಿ ಬಟ್ಟೆ ಹೊಲಿದು, ಮೇಲೆ ಅರಗು ಹಾಕಿದ್ದರು. ಒಳಗೆ ಎರಡು ಕೆಜಿ ಅಪ್ಪೆಮಿಡಿ. ಕಾಗದವಿಲ್ಲ, ಬಿಲ್ ಇಲ್ಲ. ಲೇಬಲ್ ಮಾತ್ರ ಇತ್ತು, ಹಳೇದು. ಅದರ ಮೇಲೆ ದಪ್ಪ ಅಕ್ಷರದಲ್ಲಿ ನನ್ನ ಡಾಟ್ ಕಾಮ್. ಲೇಬಲ್ ದಾಸ್ತಾನು ಮುಗಿಯುವವರೆಗೂ ಅದನ್ನೇ ಅಂಟಿಸುತ್ತಾರೋ, ನನಗೋಸ್ಕರ ಹುಡುಕಿ ಅಂಟಿಸಿದ್ದೋ ಗೊತ್ತಾಗಲಿಲ್ಲ. ಡಬ್ಬ ಬಂದಾಗ ನಾನು ಪೇಪರ್ ಓದುತ್ತಿದ್ದೆ. ಕೊರಿಯರ್ ಹುಡುಗ ಹೋಗುವವರೆಗೂ ತಲೆ ಎತ್ತಲಿಲ್ಲ.

ಉಪ್ಪು ಒಂಚೂರು ಜಾಸ್ತಿ. ಸೊನೆಯ ಪರಿಮಳ ಮಾತ್ರ ಡಬ್ಬ ತೆಗೆದರೆ ಹಜಾರದವರೆಗೂ ಬರುತ್ತದೆ.

ಜನವರಿಗೆ ರಿನ್ಯೂ ಮಾಡಬೇಕು. ಸುಮ್ಮನೆ ಬಿಟ್ಟುಬಿಡಿ, ಅವರೇ ತೆಗೆದುಕೊಳ್ಳಲಿ ಎನ್ನುತ್ತಾಳೆ ಹೆಂಡತಿ. ಬಿಟ್ಟರೆ ಅವರಿಗೆ ಸಿಗುತ್ತದೆ ಅಂತೇನಿಲ್ಲ. ಇಂಥ ಹೆಸರು ಉದುರುವುದನ್ನೇ ಹಗಲು ರಾತ್ರಿ ಕಾಯುವ ಯಂತ್ರಗಳಿವೆ, ಐದನೇ ದಿನದ ಸೂತಕ ಕಳೆದ ಕ್ಷಣಕ್ಕೆ ಎತ್ತಿಕೊಂಡು ಹೋಗುತ್ತವೆ. ಕೊಡುವುದಾದರೆ ಕೈಯಿಂದ ಕೈಗೇ ಕೊಡಬೇಕು. ಬೀಗ ತೆಗೆದು, ಒಂದು ಕೋಡ್ ಕೇಳಿ ಪಡೆದು, ಅದನ್ನು ಅವರಿಗೆ ಹೇಳಬೇಕು. ಐದು ನಿಮಿಷದ ಕೆಲಸ. ಮೊನ್ನೆ ಕೂತು ಕೋಡ್ ತೆಗೆದೂ ಬಿಟ್ಟೆ. ಹದಿನಾರು ಅಕ್ಷರ, ನಡುವೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಚೀಟಿಯಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ. ಸಂಜೆ ಫೋನ್ ಮಾಡೋಣ ಅಂತ.

ಅದರ ಹಿಂದೆ ಈಗ ಹಾಲಿನ ಲೆಕ್ಕ ಬರೆದಿದೆ. ಈ ತಿಂಗಳದ್ದು ಮುಗಿಯಲಿ.